ಮೂಲೆ ಕತ್ತರಿಸಿದವನ ಮಾತು

ನಿವೃತ್ತನಾಗಿ ಎಂಟು ತಿಂಗಳಾಯಿತು. ಈಗ ದುಬೈಯ ಮಿರ್ದಿಫ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಬೆಳಿಗ್ಗೆ ಎಲ್ಲರೂ ಅವರವರ ದಾರಿ ಹಿಡಿದ ಮೇಲೆ ಮನೆಯಲ್ಲಿ ಉಳಿಯುವುದು ನಾನು, ಎಸಿಯ ಸದ್ದು, ತಲೆಯ ಮೇಲೆ ಒಂದರ ಹಿಂದೆ ಒಂದು ಇಳಿಯುವ ವಿಮಾನಗಳು. ಅಡುಗೆಮನೆಯ ಕಪಾಟುಗಳ ತಿರುಪು ಬಿಗಿ ಮಾಡಿಯಾಯಿತು. ಚಪ್ಪಲಿ ಸ್ಟ್ಯಾಂಡನ್ನು ಬಿಚ್ಚಿ ಮತ್ತೆ ಜೋಡಿಸಿಯಾಯಿತು. ಮೊಮ್ಮಗಳ ಮೇಜು ಎತ್ತರವಾಯಿತೆಂದು ಅದರ ಕಾಲು ಕತ್ತರಿಸಿದ ದಿನ ಅವಳು "ಗ್ರ್ಯಾಂಡ್‌ಪಾ, ಪ್ಲೀಸ್ ಸ್ಟಾಪ್" ಎಂದು ಕೈಮುಗಿದಳು. ಸಂಜೆ ಮಗಳು ಒಂದು ನೋಟ್‌ಬುಕ್ ತಂದು ಮುಂದಿಟ್ಟು, ಕೈ ಸುಮ್ಮನಿರದಿದ್ದರೆ ಬರೆಯಿರಿ, ಕಡೇಪಕ್ಷ ಮನೆಯ ಸಾಮಾನು ಉಳಿದೀತು ಎಂದಳು.

ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಹೆಸರು ಇನಾಸ್, ಊರು ಶಿರ್ವದ ಹತ್ತಿರ. ದುಬೈಯಲ್ಲಿ ಮೂವತ್ತೊಂದು ವರ್ಷ ಚಿತ್ರಗಳಿಗೆ ಫ್ರೇಮ್ ಹಾಕಿದೆ, ಹಾಕಿದ್ದನ್ನು ಗೋಡೆಗೆ ಏರಿಸಿದೆ. ಈಗಲೂ ನಮ್ಮ ಕಡೆಯ ಹುಡುಗರು ಈ ಕೆಲಸಕ್ಕೆ ಬರುತ್ತಿದ್ದಾರೆ. ಮರ ಕತ್ತರಿಸಲು ಬಂದರೆ ಸಾಕು ಎಂದು ಅವರು ತಿಳಿದಿರುತ್ತಾರೆ, ನಾನೂ ಹಾಗೇ ತಿಳಿದು ಬಂದವನು. ಯಾವಾಗ ಫೋರ್‌ಮನ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎಂಬುದರಲ್ಲಿ ಅವರಿಗೆ ಕಲಿಯಲು ಏನೂ ಇಲ್ಲ. ಕಲಿಯಲು ಇರುವುದು ನಾನು ಮಾಡಿದ ತಪ್ಪುಗಳಲ್ಲಿ. ಅವುಗಳಲ್ಲಿ ಒಂದು ಈಗಲೂ ನನ್ನನ್ನು ಕೂರಲು ಬಿಡುವುದಿಲ್ಲ.

ನನ್ನ ಮೊದಲ ಧಣಿ ಅಬು ಸಾಮಿ. ಜೋರ್ಡಾನಿನವರು, ಸ್ವತಃ ಬಡಗಿ. ಕೆಲಸಕ್ಕೆ ಸೇರಿದ ದಿನ ಅವರು ಮರದ ನಾಲ್ಕು ಪಟ್ಟಿ ಕೊಟ್ಟು ಒಂದು ಫ್ರೇಮ್ ಮಾಡು ಎಂದರು. ಊರಿನಲ್ಲಿ ಬಾಗಿಲು ದಾರಂದ ಮಾಡಿದವನಿಗೆ ಇದೇನು ಮಹಾ ಎಂದು ಅರ್ಧ ಗಂಟೆಯಲ್ಲಿ ಮುಗಿಸಿ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ತೂರಿತು. ಒಂದು ಮಾತೂ ಆಡದೆ ಫ್ರೇಮನ್ನು ಮೊಣಕಾಲಿಗಿಟ್ಟು ಮುರಿದು ಬೇರೆ ಪಟ್ಟಿ ಕೊಟ್ಟರು. ಹೀಗೆ ಹನ್ನೊಂದು ಸಲ ಆಯಿತು. ಹನ್ನೆರಡನೆಯದನ್ನು ಮುರಿಯಲಿಲ್ಲ, ಹೊಗಳಲೂ ಇಲ್ಲ. "ಯಲ್ಲಾ, ಊಟ ಮಾಡು" ಎಂದರು.

ಎರಡನೇ ತಪ್ಪು ಹೋಟೆಲ್ ಒಂದರಲ್ಲಿ ಆಯಿತು. ಒಂದು ಇಡೀ ಮಹಡಿಯ ರೂಮುಗಳಿಗೆ ಚಿತ್ರ ಹಾಕಲು ನನ್ನನ್ನು ಬಿಟ್ಟು ಅವರು ಬೇರೆ ಕಡೆ ಹೋದರು. ಚಿತ್ರದ ನಡು ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು ಎಂದು ಹೇಳಿದ್ದರು. ನಾನು ನನ್ನ ಕಣ್ಣಿನ ಮಟ್ಟಕ್ಕೆ ಹಾಕಿದೆ. ನಾನೋ ಐದಡಿ ಎರಡಂಗುಲ. ಸಂಜೆ ಬಂದ ಅಬು ಸಾಮಿ ಮೊದಲ ರೂಮಿನಲ್ಲಿ ನಿಂತು ನನ್ನನ್ನೂ ಚಿತ್ರವನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, ಅಷ್ಟೂ ತೂತುಗಳನ್ನು ಮುಚ್ಚಿ, ಬಣ್ಣ ಹೊಡೆದು, ಹೊಸದಾಗಿ ಹಾಕದ ಹೊರತು ಮಲಗಲು ನಿನ್ನ ರೂಮಿಗೆ ಹೋಗಬೇಡ ಎಂದರು. ನನಗೆ ಎಲ್ಲದರಲ್ಲೂ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಅಮ್ಮ ಹೇಳುತ್ತಿದ್ದದ್ದು ನನ್ನನ್ನು ನೋಡಿಯೇ ಇರಬೇಕು.

ಅಬು ಸಾಮಿಯಿಂದ ನೋಡಿ ಕಲಿಯಬೇಕಾದದ್ದು ಬೇರೆಯೇ ಇತ್ತು. ಒಮ್ಮೆ ಈ ನಾಡಿನವರೇ ಆದ ಒಬ್ಬ ಇಮಾರಾತಿ ಹಿರಿಯರು ಸಣ್ಣ ಡಬ್ಬಿಯಲ್ಲಿ ಒಂದು ವಸ್ತು ತಂದರು. ಅವರ ಅಜ್ಜ ಮುತ್ತಿಗಾಗಿ ಸಮುದ್ರಕ್ಕೆ ಇಳಿಯುವಾಗ ಮೂಗಿಗೆ ಕಚ್ಚಿಸಿಕೊಳ್ಳುತ್ತಿದ್ದ ಕ್ಲಿಪ್. ಆಮೆಯ ಚಿಪ್ಪಿನಲ್ಲಿ ಮಾಡಿದ್ದು. ನಾನು ಆಗಲೇ ಟೇಪ್ ಹಿಡಿದು ಅಳತೆಗೆ ಬಾಗಿದ್ದೆ. ಅಬು ಸಾಮಿ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಅವರನ್ನು ಕೂರಿಸಿ, ಕಾಫಿ ತರಿಸಿ, ಒಂದು ಗಂಟೆ ಮಾತಾಡಿಸಿದರು. ಕೊನೆಗೆ ತಿಳಿದದ್ದೇನೆಂದರೆ, ಆ ಮನೆಯಲ್ಲಿ ಮಗು ಹುಟ್ಟಿದಾಗೆಲ್ಲ ಆ ಕ್ಲಿಪ್ಪನ್ನು ಮಗುವಿನ ಕೈಗೆ ಮುಟ್ಟಿಸುತ್ತಾರಂತೆ. ನಾನು ಗಾಜು ಹಾಕಿ ಅಂಟಿಸಿ ಮುಚ್ಚಿಬಿಡುತ್ತಿದ್ದೆ. ಅವರು ಗಾಜಿಗೆ ಕೀಲು ಇಟ್ಟು, ತೆರೆಯುವ ಹಾಗೆ ಮಾಡಿಕೊಟ್ಟರು. ಆ ಒಂದು ಗಂಟೆ ಹಾಳಾಯಿತೆಂದು ನಾನು ಒಳಗೊಳಗೇ ಸಿಡಿಮಿಡಿಗೊಂಡಿದ್ದೆ.

ಅಬು ಸಾಮಿಯ ಮಂಡಿ ನೋವು ಹೆಚ್ಚಾಗಿ ಅವರು ಮನೆ ಹಿಡಿದ ಮೇಲೆ ಮಗ ಸಾಮಿ ಬಂದ. ಅಂಗಡಿ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ದೊಡ್ಡ ಶೆಡ್ಡಿಗೆ ಹೋಯಿತು. ಕೈಗರಗಸ ಹೋಗಿ ಕಾಲಲ್ಲಿ ತುಳಿದು ಕತ್ತರಿಸುವ ಯಂತ್ರ ಬಂದಿತ್ತು, ಈಗ ಅದೂ ಹೋಗಿ ಕಂಪ್ಯೂಟರಿಗೆ ಅಳತೆ ಕೊಟ್ಟರೆ ತಾನೇ ಕತ್ತರಿಸುವುದು ಬಂತು. ಅದರ ಮೂಲೆಗಳಲ್ಲಿ ಬೆಳಕು ತೂರುವುದಿಲ್ಲ, ಒಪ್ಪುತ್ತೇನೆ. ಜೊತೆಗೆ ಜಾಬ್ ಕಾರ್ಡ್ ಬಂತು. ಉದ್ದ, ಅಗಲ, ಮರದ ನಂಬರ್, ಗಾಜು, ತಾರೀಕು, ಗಿರಾಕಿಯ ಸಹಿ. ಕಾಫಿ ತರಿಸಿ ಮಾತಾಡಿಸಲು ಅದರಲ್ಲಿ ಕಾಲಂ ಇರಲಿಲ್ಲ. ನನಗೆ ಅದು ಹಿಡಿಸಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ನನ್ನಂಥವನಿಗಾಗಿಯೇ ಮಾಡಿದ ಪದ್ಧತಿ ಅದು. ಇಡೀ ಶೆಡ್ಡಿನಲ್ಲಿ ನನ್ನಷ್ಟು ಬೇಗ ಕೆಲಸ ಮುಗಿಸುವವನು ಇನ್ನೊಬ್ಬನಿರಲಿಲ್ಲ.

ಕತ್ರೀನಾ ಬಂದದ್ದು ಆ ದಿನಗಳಲ್ಲಿ. ಕೌಂಟರಿನಲ್ಲಿ ನಾನೂ, ಮೂಲ್ಕಿಯ ವಾಲ್ಟರನೂ ನಿಂತಿದ್ದೆವು. ವಾಲ್ಟರ್ ನನ್ನ ಜೊತೆಯವನು, ಗಾಜಿನ ಕೆಲಸ ಅವನದು. ಎತ್ತರದ, ಕಪ್ಪು ಮೈಬಣ್ಣದ, ಗುಂಗುರು ಕೂದಲನ್ನು ಬಿಗಿಯಾಗಿ ಕಟ್ಟಿದ ಹೆಂಗಸು ಸುತ್ತಿದ ಬಟ್ಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಳು. ಗಿರಾಕಿಗಳ ಎದುರೇ ಅವರ ಬಗ್ಗೆ ನಮ್ಮ ಭಾಷೆಯಲ್ಲಿ ಮಾತಾಡುವುದು ಗಲ್ಫಿನಲ್ಲಿ ನಮ್ಮೆಲ್ಲರ ಕೆಟ್ಟ ಚಾಳಿ. ನಾನು ವಾಲ್ಟರನಿಗೆ ಕೊಂಕಣಿಯಲ್ಲಿ, ಈ ಆಫ್ರಿಕಾದವಳು ಮರ ಆರಿಸಲು ಇಡೀ ಬೆಳಗು ತಿನ್ನುತ್ತಾಳೆ, ನೀನೇ ನೋಡಿಕೊ ಎಂದೆ. ಅವಳು ಬಟ್ಟೆಯನ್ನು ಮೇಜಿನ ಮೇಲಿಟ್ಟು, ಅದೇ ಕೊಂಕಣಿಯಲ್ಲಿ, ನಮ್ಮದಕ್ಕಿಂತ ಸ್ವಲ್ಪ ಬೇರೆ ರಾಗದಲ್ಲಿ, ಬಾಬ್ ಎಂದು ಮರ್ಯಾದೆಯಿಂದಲೇ ಕರೆದು, ನನಗೂ ಡ್ಯೂಟಿ ಉಂಟು, ಹತ್ತು ನಿಮಿಷ ಸಾಕು ಎಂದಳು. ವಾಲ್ಟರ್ ಗಾಜಿನ ಕಡೆ ಮುಖ ತಿರುಗಿಸಿದ. ನಾನು ಎಲ್ಲಿ ತಿರುಗಿಸಲಿ?

ಅವಳು ಹಳಿಯಾಳದ ಕಡೆಯ ಸಿದ್ದಿಯರ ಪೈಕಿ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದಿಳಿಸಿದವರ ಸಂತತಿ. ತಪ್ಪಿಸಿಕೊಂಡು ಕಾಡು ಸೇರಿ, ಕನ್ನಡ, ಕೊಂಕಣಿಯಲ್ಲೇ ಬಾಳಿದವರು. ನಮ್ಮ ಹಾಗೇ ಇಗರ್ಜಿಗೆ ಹೋಗುವ ಮನೆತನ ಅವಳದು. ಕನ್ನಡ ಮಾತಾಡಿದರೆ ಅಪ್ಪಟ ಹಳಿಯಾಳ. ಇಲ್ಲಿ ಸೂಡಾನಿನವರು ಅವಳೊಂದಿಗೆ ಅರಬಿಯಲ್ಲಿ, ಕೀನ್ಯಾದವರು ಅವರ ಭಾಷೆಯಲ್ಲಿ, ನಮ್ಮವರು ಇಂಗ್ಲಿಷಿನಲ್ಲಿ ಮಾತಿಗೆ ತೊಡಗುತ್ತಾರಂತೆ. "ಯಾವ ದೇಶ ಅಂತ ಎಲ್ಲಾರೂ ಕೇಳ್ತಾರ. ಹಳಿಯಾಳ ಅಂದ್ರ ನಂಬೂದಿಲ್ಲ" ಎಂದಳು. ನಾನೂ ಅದೇ ಸಾಲಿನಲ್ಲಿ ನಿಂತವನು.

ಹೋಟೆಲ್ ಒಂದರ ಲಿನನ್ ರೂಮಿನಲ್ಲಿ ಅವಳ ಕೆಲಸ. ಹರಿದ, ಕಲೆಯಾದ ಹಾಸುಗಳನ್ನು ಹೋಟೆಲಿನವರು ಬಿಸಾಡುತ್ತಾರೆ. ಅವನ್ನು ಗೇಟ್ ಪಾಸ್ ಮಾಡಿಸಿ ತಂದು ಅವುಗಳ ಮೇಲೆ ಚಿತ್ರ ಬರೆಯುತ್ತಿದ್ದಳು. ಮೇಜಿನ ಮೇಲೆ ಬಿಡಿಸಿದ್ದನ್ನು ನೋಡಿ ನನ್ನ ಕೈಯಲ್ಲಿದ್ದ ಟೇಪ್ ಹಾಗೇ ನಿಂತಿತು. ಸಣ್ಣ ಸಣ್ಣ ಬಣ್ಣದ ತುಂಡುಗಳು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಬಂದಿದ್ದವು. ಪ್ರತಿ ತುಂಡಿನಲ್ಲೂ ಏನೋ ಒಂದು. ಒಂದರಲ್ಲಿ ಜೇನು ಇಳಿಸುವವನ ಕಾಲು, ಇನ್ನೊಂದರಲ್ಲಿ ದಮಾಮಿ ಡೋಲು ಬಡಿಯುವ ಎರಡು ಕೈ, ಮತ್ತೊಂದರಲ್ಲಿ ಒಂದೇ ಕೌದಿಯ ಕೆಳಗಿನಿಂದ ಹೊರಗೆ ಬಂದ ಆರು ಮಕ್ಕಳ ಹನ್ನೆರಡು ಪಾದ. ನಡುವಿನಲ್ಲಿ ಕಾಲು ಚಾಚಿ ಕೂತು ಹೊಲಿಯುವ ಮುದುಕಿ.

ಅದು ಅವಳ ಅಜ್ಜಿ. ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಆ ಊರಿಗೇ ಹೆಸರಾದವಳು. ಕತ್ರೀನಾ ಹೇಳಿದಳು: "ಅಜ್ಜಿ ಅಂಚಿನಿಂದ ಶುರು ಮಾಡ್ತಿದ್ಲ್ರಿ. ಸುತ್ತ ಹಾಕ್ಕೊಂತ ಹಾಕ್ಕೊಂತ ನಡುವ ಬಂದು ಮುಗಸ್ತಿದ್ಲು. ನಾನೂ ಹಾಂಗ ಬರೀತೀನಿ. ನಡುವ ಏನ್ ಬರ್ತದ ಅಂತ ಅಲ್ಲಿಗೆ ಹೋಗೂತನಕ ನನಗೂ ಗೊತ್ತಿರೂದಿಲ್ಲ." ಅವಳದು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಆರು ಜನ ಹಂಚಿಕೊಂಡ ಫ್ಲ್ಯಾಟು. ಚಿತ್ರ ಬರೆಯಲು ಜಾಗವಿಲ್ಲದೆ ಹಾಸಿನ ನಾಲ್ಕು ಮೂಲೆಗೆ ದಾರ ಕಟ್ಟಿ, ಎರಡಂತಸ್ತಿನ ಮಂಚದ ನಾಲ್ಕು ಕಾಲಿಗೆ ಬಿಗಿದು, ಅಡಿಯಲ್ಲಿ ಕೂತು ಬರೆಯುತ್ತೇನೆ ಎಂದಳು. ಅದನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ. ಮುಂದೊಂದು ದಿನ ಅವಳು ಹೇಳಹೊರಟ, ನೆನಪಿಡಬೇಕಾದ ಬೇರೆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ಆಮೇಲೆ ಅವಳು ಆಗಾಗ ಬರತೊಡಗಿದಳು. ಒಂದು ವರ್ಷದ ಮೇಲೆ ಅಬುಧಾಬಿಯ ಒಂದು ಸಣ್ಣ ಗ್ಯಾಲರಿಯವರು ಅವಳ ಎಂಟು ಚಿತ್ರಗಳ ಪ್ರದರ್ಶನ ಇಡಲು ಒಪ್ಪಿದರು. ಗ್ಯಾಲರಿ ನೋಡಿಕೊಳ್ಳುವ ಡೋರಾ ಮೇಡಂ ಅಮೆರಿಕದವರು. ಅಲ್ಲಿನ ಕಡಲ ದ್ವೀಪಗಳಲ್ಲಿ ಗಲ್ಲಾ ಎಂಬ ಜನರಿದ್ದಾರೆ. ಅವರೂ ಆಫ್ರಿಕಾದಿಂದ ಹಿಡಿದು ತಂದವರ ಸಂತತಿ, ತಮ್ಮದೇ ಹಾಡು, ಹೊಲಿಗೆ, ಭತ್ತದ ಬೇಸಾಯ ಉಳಿಸಿಕೊಂಡವರು. ಮೇಡಂ ಆ ಪೈಕಿ. ಕತ್ರೀನಾ ಮೊಬೈಲಿನಲ್ಲಿ ತೋರಿಸಿದ ಚಿತ್ರಗಳನ್ನು ನೋಡಿ, ನನ್ನ ಅಜ್ಜಿಯ ಕೈ ಇದು ಎಂದು ಕಣ್ಣೊರೆಸಿಕೊಂಡರಂತೆ. ಹಾಸು ಮಡಚುವ ಹೆಂಗಸಿಗೆ ಇಂಥ ಬಾಗಿಲು ಇನ್ನೊಮ್ಮೆ ತೆರೆಯುವುದು ಕಷ್ಟ. ಕತ್ರೀನಾಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ಎಂಟು ಚಿತ್ರ ತಂದ ದಿನ ಶೆಡ್ಡಿನಲ್ಲಿ ನೂಕುನುಗ್ಗಲು. ಯಾವುದೋ ಆಫೀಸಿನ ದೊಡ್ಡ ಆರ್ಡರು ಅದೇ ವಾರ ಹೋಗಬೇಕಿತ್ತು. ಅವಳು ಚಿತ್ರದ ಅಂಚಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದಳು. ನಾನು ಕಾರ್ಡ್ ಬರೆಯುತ್ತಲೇ, "ಫ್ರೇಮಿನದ್ದು ನಮ್ಮ ತಲೆಬಿಸಿ ಮಾರಾಯ್ತಿ, ನೀವು ಹೋಗಿ ಮಲಗಿ" ಎಂದು ಸಹಿ ಹಾಕಿಸಿಕೊಂಡು ಕಳಿಸಿದೆ. ಮೊದಲಿನಿಂದ ಒಳ್ಳೆಯ ಕೆಲಸ ಮಾಡಿಕೊಟ್ಟವನೆಂದು ಅವಳು ನಂಬಿ ಹೋದಳು.

ಈ ಎಂಟು ಹಾಸುಗಳ ನಾಲ್ಕು ನಾಲ್ಕು ಮೂಲೆಗಳಲ್ಲಿ ಅಂಗೈ ಅಗಲದ ತ್ರಿಕೋನ ಬಟ್ಟೆ ಹೊಲಿದಿತ್ತು, ಅಂಚಿನಿಂದ ಹೊರಕ್ಕೆ ಚಾಚಿಕೊಂಡು. ಬಣ್ಣ ಮಾಸಿದ್ದು, ಒಂದಕ್ಕೊಂದು ಹೊಂದದ್ದು. ಮಂಚಕ್ಕೆ ಕಟ್ಟಲು ಮಾಡಿಕೊಂಡ ಕಿವಿಗಳು ಎಂದು ನಾನು ತೀರ್ಮಾನಿಸಿದೆ. ಕಂಪ್ಯೂಟರ್ ಯಂತ್ರ ಕತ್ತರಿಸಿಟ್ಟ ಫ್ರೇಮಿನೊಳಗೆ ಹಾಸು ಕೂರಬೇಕಾದರೆ ಮೂಲೆ ಚೌಕವಾಗಿರಬೇಕು. ಈ ಕಿವಿಗಳು ಅಡ್ಡ ಬಂದವು. ಬ್ಲೇಡ್ ತೆಗೆದುಕೊಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಹಾಗೆ ಕಾಲು ಗಂಟೆಯಲ್ಲಿ ಮೂವತ್ತೆರಡು ತ್ರಿಕೋನಗಳನ್ನು ಕತ್ತರಿಸಿ ನೆಲಕ್ಕೆ ಬೀಳಿಸಿದೆ. ಸಂಜೆ ಗುಡಿಸಿದವರು ಕಸದ ತೊಟ್ಟಿಗೆ ಹಾಕಿದರು. ಮರುದಿನ ಬೆಳಿಗ್ಗೆ ಲಾರಿ ಬಂದು ತೊಟ್ಟಿ ಖಾಲಿ ಮಾಡಿಕೊಂಡು ಹೋಯಿತು.

ಲಾರಿ ಹೋಗಿ ಒಂದು ಗಂಟೆಯಾಗಿರಬಹುದು. ನಾನೂ ವಾಲ್ಟರನೂ ಚಿತ್ರಗಳಿಗೆ ಗುಳ್ಳೆ ಪ್ಲಾಸ್ಟಿಕ್ ಸುತ್ತುತ್ತಿದ್ದೆವು. ಕತ್ರೀನಾ ಫೋನ್ ಮಾಡಿದಳು.

"ಬಾಬ್, ಕಟ್ಟುವಾಗ ಫುಲಾ ಮಡಚಬ್ಯಾಡ್ರಿ. ಹಳೇ ಬಟ್ಟಿ, ಮಡಚಿದ್ರ ಸೀಳ್ತದ."

ಯಾವ ಫುಲಾ ಎಂದು ಕೇಳಿದೆ. ಆಗ ಹೇಳಿದಳು. ಅವರ ಕಡೆ ಕೌದಿಯ ನಾಲ್ಕು ಮೂಲೆಗೆ ಇಡುವ ತ್ರಿಕೋನಕ್ಕೆ ಫುಲಾ ಎನ್ನುತ್ತಾರೆ, ಹೂವು ಎಂದು ಅರ್ಥ. ಫುಲಾ ಇಲ್ಲದ ಕೌದಿ ಬತ್ತಲೆ, ಅದನ್ನು ಯಾರಿಗೂ ಹೊದಿಸಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಕೊನೆಯದಾಗಿ ಹೊಲಿದ ಕೌದಿಯನ್ನು ಕತ್ರೀನಾ ದುಬೈಗೆ ತಂದಿದ್ದಳು. ಹೊದ್ದು ಹೊದ್ದು ಚಿಂದಿಯಾದ ಮೇಲೆ ಅದರಲ್ಲಿ ಗಟ್ಟಿ ಉಳಿದ ತುಂಡುಗಳನ್ನು ಆರಿಸಿ ಮೂವತ್ತೆರಡು ಫುಲಾ ಮಾಡಿದ್ದಳು. ಅಜ್ಜಿಯದೊಂದು ಫೋಟೋ ಕೂಡ ಇಲ್ಲ, ಉಳಿದಿರುವುದು ಇದೊಂದೇ ಎಂದಳು.

ನಾನು ಏನು ಹೇಳಿದೆ ಗೊತ್ತೇ? "ಆಯ್ತಮ್ಮ" ಎಂದೆ. ಮಡಚುವುದಿಲ್ಲ ಎಂದೆ.

ಫೋನ್ ಇಟ್ಟವನು ವ್ಯಾನ್ ಹತ್ತಿ ಲಾರಿಯ ಹಿಂದೆ ಓಡಿದೆ. ಕಸದ ಕಂಪೆನಿಯ ಅಂಗಳದಲ್ಲಿ ಲಾರಿ ನಿಂತಿತ್ತು, ಹೊಟ್ಟೆ ಖಾಲಿ. ಚಾಲಕ ಒಬ್ಬ ಪಠಾಣ, ಒಳ್ಳೆಯ ಮನುಷ್ಯ. ಲಾರಿಯೊಳಗೇ ಎಲ್ಲವನ್ನೂ ಅರೆದು ಒತ್ತಿ ಮಣ್ಣಿಗೆ ಸುರಿದಾಯಿತು ಎಂದ. ಏನು ಕಳೆಯಿತು, ಪಾಸ್‌ಪೋರ್ಟಾ ಎಂದು ಕೇಳಿದ. ಬಟ್ಟೆ ಎಂದೆ. ಅವನು ನನ್ನ ಮುಖವನ್ನು ಒಮ್ಮೆ ನೋಡಿ ನೀರಿನ ಬಾಟಲಿ ಕೊಟ್ಟ. ಆದರೂ ಲಾರಿಯ ಹಿಂಬದಿಗೆ ಹತ್ತಿ ಕೈಯಾಡಿಸಿದೆ. ಮರದ ಹುಡಿ, ಪ್ಲಾಸ್ಟಿಕ್ಕು, ಯಾರದೋ ಊಟದ ಪೊಟ್ಟಣ.

ಶೆಡ್ಡಿಗೆ ಮರಳಿ ಸಾಮಿಗೆ ಹೇಳಿದೆ. ಅವನು ಜಾಬ್ ಕಾರ್ಡ್ ತೆಗೆದು ನೋಡಿದ. ಉದ್ದ ಅಗಲ ಬರೆದಿದೆ, ಅವಳ ಸಹಿ ಇದೆ, ನಾವು ಬರೆದ ಅಳತೆಗೇ ಮಾಡಿದ್ದೇವೆ, ನೀನಾಗಿ ಬಾಯಿ ಬಿಡಬೇಡ, ಖಲಾಸ್ ಎಂದ. ಮೋಸ ಮಾಡುವವನಲ್ಲ ಅವನು. ಕಾರ್ಡಿನಲ್ಲಿ ಇಲ್ಲದ್ದು ಅವನ ಮಟ್ಟಿಗೆ ಲೋಕದಲ್ಲೇ ಇಲ್ಲ. ವಾಲ್ಟರನೂ, ಮಿಂಚಿದ್ದಕ್ಕೆ ಚಿಂತಿಸಿ ಏನು ಮಾಡುವುದು, ಪ್ರದರ್ಶನ ಮುಗಿಯುವ ತನಕ ಸುಮ್ಮನಿರು ಎಂದ.

ಮರುದಿನ ವ್ಯಾನಿನಲ್ಲಿ ಎಂಟು ಚಿತ್ರ ಹೇರಿಕೊಂಡು ಒಬ್ಬನೇ ಅಬುಧಾಬಿಗೆ ಹೊರಟೆ. ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟುವುದು, ಅದರಲ್ಲಿ ತೂತು ಕಂಡು ಬಿಡುವುದು, ಇನ್ನೊಂದು ಕಟ್ಟುವುದು. ಯಂತ್ರ ಕತ್ತರಿಸಿತು ಎನ್ನಲೇ? ಬಟ್ಟೆ ತಾನೇ ಹರಿಯಿತು ಎನ್ನಲೇ? ಎರಡು ಸಲ ಪೆಟ್ರೋಲ್ ಬಂಕಿನಲ್ಲಿ ಇಳಿದೆ, ಎರಡು ಸಲವೂ ಚಹಾ ತೆಗೆದುಕೊಂಡು ಕುಡಿಯದೆ ಎಸೆದೆ. ನನ್ನ ಕೆಲಸ ಹೋಗುವ ಹೆದರಿಕೆ ಅಷ್ಟಿರಲಿಲ್ಲ. ಮಲಗಿ ಎಂದು ಅವಳನ್ನು ಕಳಿಸಿದ್ದೆನಲ್ಲ, ಆ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು.

ಗ್ಯಾಲರಿಯಲ್ಲಿ ಕತ್ರೀನಾ ಒಬ್ಬಳೇ ಇದ್ದಳು. ರಜೆ ಹಾಕಿ ಬಂದಿದ್ದಳು, ಹೊಸ ಸೀರೆ ಉಟ್ಟಿದ್ದಳು. ಚಿತ್ರಗಳನ್ನು ಇಳಿಸಿ ಗೋಡೆಗೆ ಒರಗಿಸಿದೆ. ಅವಳು ಪ್ಲಾಸ್ಟಿಕ್ ಬಿಡಿಸಲು ಬಗ್ಗಿದಾಗ ಕೈ ಹಿಡಿದು ತಡೆದೆ. ಫುಲಾ ಇಲ್ಲ, ನಾನು ಕತ್ತರಿಸಿದೆ, ಕಸಕ್ಕೆ ಹೋಯಿತು, ಹುಡುಕಿದೆ, ಸಿಗಲಿಲ್ಲ, ನಿನ್ನೆ ಫೋನಿನಲ್ಲಿ ಸುಳ್ಳು ಹೇಳಿದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಕೇಳಿದ್ದು ಇಷ್ಟೇ:

"ಕತ್ತರಿಸೂ ಮುಂದ ಬಟ್ಟಿ ಕೈಗೆ ಮೆತ್ತಗ ಹತ್ತಲಿಲ್ಲೇನ್ರಿ?"

ಹತ್ತಿತ್ತು. ಹೊಸ ಬಟ್ಟೆಯಲ್ಲಿ ಬ್ಲೇಡ್ ಜಾರುತ್ತದೆ. ಎಷ್ಟೋ ವರ್ಷ ಒಗೆದು, ಹೊದ್ದು, ಒಣಗಿಸಿದ ಬಟ್ಟೆ ಬ್ಲೇಡಿಗೆ ಅಂಟಿಕೊಳ್ಳುತ್ತದೆ. ಮೊದಲ ಮೂಲೆಯಲ್ಲೇ ನನ್ನ ಬೆರಳಿಗೆ ಅದು ತಿಳಿದಿತ್ತು. ಇದು ಹೋಟೆಲಿನ ಹಾಸಲ್ಲ, ಯಾರೋ ಉಟ್ಟು ತೊಟ್ಟ ಬಟ್ಟೆ ಎಂದು ಕೈ ಹೇಳಿತ್ತು. ನಾನು ನಿಲ್ಲಲಿಲ್ಲ. ಮುಂದೆ ಮೂವತ್ತೊಂದು ಮೂಲೆ ಬಾಕಿ ಇದ್ದವು, ನನಗೆ ಮುಗಿಸುವ ಅವಸರ. ಹತ್ತಿತ್ತು ಎಂದೆ. ಅವಳು ತಲೆಯಾಡಿಸಿ ಪ್ಲಾಸ್ಟಿಕ್ ಬಿಡಿಸಿದಳು. ಎಂಟು ಚಿತ್ರಗಳ ಮೂಲೆಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ನಾನು ಬಾಗಿಲ ಹತ್ತಿರ ನಿಂತು ಅತ್ತೆ. ಅರವತ್ತು ದಾಟಿದ ಗಂಡಸು ಪರವೂರಿನ ಗ್ಯಾಲರಿಯಲ್ಲಿ ನಿಂತು ಅತ್ತದ್ದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಡೋರಾ ಮೇಡಂ ಬಂದವರು ಮೊದಲು ಕೇಳಿದ್ದೇ ಮೂಲೆಗಳೆಲ್ಲಿ ಎಂದು. ವಿಷಯ ತಿಳಿದು ಅವರ ಮುಖ ಬಿಗಿಯಾಯಿತು. ಪ್ರದರ್ಶನ ಮುಂದಕ್ಕೆ ಹಾಕೋಣ, ಇಲ್ಲವೇ ಬಿಟ್ಟುಬಿಡೋಣ, ನಿನ್ನ ಇಷ್ಟ ಎಂದು ಕತ್ರೀನಾಗೆ ಹೇಳಿದರು. ಬೇರೆ ಬಟ್ಟೆಯಲ್ಲಿ ಫುಲಾ ಮಾಡಿ, ನಾನೇ ಕೂತು ಹೊಲಿಯುತ್ತೇನೆ ಎಂದೆ ನಾನು. ಕತ್ರೀನಾ ಬೇಡವೆಂದಳು. ಯಾವ ಬಟ್ಟೆ ತಂದರೂ ಅದು ಅಜ್ಜಿ ಮುಟ್ಟಿದ್ದಲ್ಲ.

"ಬತ್ತಲೆ ಇದ್ರ ಬತ್ತಲೆ ಇರ್ಲಿ. ಇವತ್ತ ತಗದ್ರ ಅಜ್ಜಿ ಇನ್ನೊಂದ್ಸಲ ಹೋದಾಂಗ. ಹಾಕ್ರಿ ಬಾಬ್" ಎಂದಳು. ಮತ್ತೆ, "ಯಾರರ ಕೇಳಿದ್ರ ನೀವ ಹೇಳ್ಬೇಕು. ನನಗ ಆಗೂದಿಲ್ಲ" ಎಂದಳು.

ಹಾಕಿದೆ. ಅಷ್ಟು ನಿಧಾನವಾಗಿ ನಾನು ಯಾವತ್ತೂ ಚಿತ್ರ ಹಾಕಿದವನಲ್ಲ.

ಸಂಜೆ ಜನ ಬಂದರು. ಅಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಗಿರಾಕಿ, ಒಬ್ಬ ಅತಿಥಿ, ಈ ಫ್ರೇಮ್ ಯಾರು ಹಾಕಿದ್ದು ಎಂದು ಕೇಳಿದವನಿರಲಿಲ್ಲ. ಕೇಳಬೇಕಾದ್ದೂ ಅಲ್ಲ, ಈ ಕೆಲಸವೇ ಹಾಗೆ. ಆ ಸಂಜೆ ಕೋಟು ತೊಟ್ಟ ಒಬ್ಬರು ಅಜ್ಜಿಯ ಚಿತ್ರದ ಮುಂದೆ ನಿಂತು, ಅಂಚು ಎಷ್ಟು ನೇರ, ಎಷ್ಟು ಶುದ್ಧ, ಈ ಕೆಲಸ ಯಾರದ್ದು ಎಂದು ಕೇಳಿದರು. ಕತ್ರೀನಾ ನನ್ನ ಕಡೆ ನೋಡಿದಳು. ನಾನು ಮುಂದೆ ಬಂದು, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಅಂಚು ನೇರವಾಗಿರುವುದು ನನ್ನ ತಪ್ಪಿನಿಂದ, ಅಲ್ಲಿ ಇವರ ಅಜ್ಜಿಯ ಬಟ್ಟೆಯ ನಾಲ್ಕು ಹೂವಿದ್ದವು, ನಾನು ಕತ್ತರಿಸಿ ಕಸಕ್ಕೆ ಹಾಕಿದೆ ಎಂದೆ. ಅವರು ಕೈಯಲ್ಲಿದ್ದ ಜ್ಯೂಸ್ ಮುಗಿಸಿ ಮುಂದೆ ಹೋದರು. ಆ ಸಂಜೆ ಇನ್ನೂ ಮೂರು ಜನರಿಗೆ ಹೇಳಿದೆ. ಹೇಳಿದಷ್ಟಕ್ಕೆ ಹಗುರಾಗಲಿಲ್ಲ.

ಆಮೇಲೆ ಎರಡು ವರ್ಷ ಕೆಲಸ ಮಾಡಿದೆ. ಸಾಮಿ ಸಿಟ್ಟಾಗಿ ಕೆಲವು ವಾರ ಮಾತು ಬಿಟ್ಟ. ನಾನು ಪ್ರತಿ ಜಾಬ್ ಕಾರ್ಡಿನ ಬೆನ್ನಿಗೆ ಪೆನ್ನಿನಲ್ಲಿ 'ಏನನ್ನು ಮುಟ್ಟಬಾರದು?' ಎಂದು ಬರೆದು ಗಿರಾಕಿಯನ್ನು ಕೇಳತೊಡಗಿದೆ. ಹತ್ತರಲ್ಲಿ ಒಂಬತ್ತು ಜನ ಏನಿಲ್ಲ ಎನ್ನುತ್ತಾರೆ. ಹತ್ತನೆಯವರು ಕುರ್ಚಿ ಎಳೆದು ಕೂತು ಹೇಳತೊಡಗುತ್ತಾರೆ. ವೇಗದಲ್ಲಿ ಶೆಡ್ಡಿನಲ್ಲಿ ನಾಲ್ಕನೆಯವನಾದೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಬಯ್ದರೂ ಸರಿ, ಇದೊಂದನ್ನು ಮಾಡಿ. ಕೈ ಒಂದು ಮಾತು ಹೇಳಿದರೆ ನಿಲ್ಲಿ.

ಕತ್ರೀನಾ ಮತ್ತೆ ನಮ್ಮಲ್ಲಿಗೆ ಚಿತ್ರ ತರಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದರೆ ಮಾತಾಡುತ್ತಿದ್ದಳು. ಕಳೆದ ತಿಂಗಳು ಅದೇ ಗ್ಯಾಲರಿಯಲ್ಲಿ ಅವಳ ಹೊಸ ಚಿತ್ರಗಳೆಂದು ತಿಳಿದು ಬಸ್ಸು ಹಿಡಿದು ಅಬುಧಾಬಿಗೆ ಹೋದೆ. ಒಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಬಿಳುಪು. ಹಾಸಿನ ಸುತ್ತ ಒಂದು ಗೇಣು ಏನೂ ಬರೆಯದೆ ಬಿಟ್ಟಿದ್ದಳು. ಫುಲಾಗಳಿದ್ದವು, ಈಗ ಬಟ್ಟೆಯವಲ್ಲ, ಬಣ್ಣದವು. ನಾಲ್ಕೂ ಮೂಲೆ ಬಿಟ್ಟು ಒಳಗೆ ಸರಿದು, ಹೊಲಿಯುವ ಅಜ್ಜಿಯ ಮಗ್ಗುಲಿಗೆ ಬಂದು ಒತ್ತಾಗಿ ಕೂತಿದ್ದವು. ಗೋಡೆಯ ಮೇಲಿನ ಚೀಟಿಯಲ್ಲಿ, ಕಲಾವಿದೆ ಹೊಸ ಹಂತಕ್ಕೆ ಬಂದಿದ್ದಾರೆ, ಅಂಚಿನ ಹೂವುಗಳನ್ನು ನಡುವಿಗೆ ತಂದದ್ದು ಅವರ ಶೈಲಿಯ ಬೆಳವಣಿಗೆ ಎಂದಿತ್ತು. ಜನ ಅದನ್ನು ಓದಿ ಚಿತ್ರ ನೋಡಿ ಮೆಚ್ಚುತ್ತಿದ್ದರು.

ಕತ್ರೀನಾ ಬಂದು ಪಕ್ಕದಲ್ಲಿ ನಿಂತಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

"ಅಂಚಿನಾಗ ಇಟ್ರ ಹೋಗ್ತಾವ್ರಿ ಬಾಬ್. ಅದಕ್ಕ ಒಳಗ ತಂದೆ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ನನಗೆ ತಿಳಿದಿರಲಿ ಎಂದು ಹೇಳಿದ್ದು. "ಎಲ್ಲಾರೂ ಈಗ ಭಾಳ ಚಂದ ಆಗ್ಯಾವ ಅಂತಾರ. ನಿಮಗ?"

ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೊರಗೆ ಇದ್ದದ್ದೇ ಚಂದ ಇತ್ತು ಕತ್ರೀನಾ" ಎಂದೆ.

ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ನನಗೂ" ಎಂದಳು.